ರೆನೆಸಾನ್ಸ್ ಮೇಳದಲ್ಲಿ ಬೂತ್ ಕೊಳ್ಳುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಕರಕುಶಲ ವಸ್ತು ಮಾಡಿ ಮಾರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೆನೆಸಾನ್ಸ್ ಫೆಸ್ಟಿವಲ್‌ನಲ್ಲಿ "ಬೂತ್ ಮಾರಾಟಕ್ಕಿದೆ" ಅನ್ನುವ ಜಾಹೀರಾತು ನೋಡಿ ಯಾರಾದರೂ ದುಡ್ಡು ಕೊಡಲು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನಾವು 12 ಸಾವಿರ ಡಾಲರ್ ಕೊಟ್ಟು ಒಂದು ಬೂತ್, ಅಂದರೆ ಮೇಳದ ಮೈದಾನದಲ್ಲಿ ಕಟ್ಟಿದ ಮರದ ಅಂಗಡಿ, ಕೊಂಡೆವು. ರಿಪೇರಿಗೆ ಇನ್ನೂ 7 ಸಾವಿರ ಹಾಕಿದೆವು. ಒಂದೇ ಒಂದು ಸೀಸನ್ ವ್ಯಾಪಾರ ಆಯಿತು. ಆಮೇಲೆ ಆ ಬೂತನ್ನು ನಮ್ಮ ಕೈಯಿಂದಲೇ ಕೆಡವಿಸಿದರು.

ಮೊನ್ನೆ ಕನ್ನಡ ಕೂಟದಲ್ಲಿ ಇಬ್ಬರು ಬಂದು, "ಅಕ್ಕ, ನಾವೂ ಬೂತ್ ನೋಡ್ತಾ ಇದೀವಿ, ತಗೋಬಹುದಾ?" ಅಂತ ಕೇಳಿದರು. ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ನಮಗೆ ಹೀಗಾದ ಮೇಳದ ಹೆಸರು ಹೇಳುವುದಿಲ್ಲ. ಮುಂದೆ ಹೆಸರು ಬರುವ ಯಾವ ಮೇಳವೂ ಅದಲ್ಲ.

ಈ ಮೇಳಗಳನ್ನು ನೋಡದವರಿಗೆ ನಾಲ್ಕು ಮಾತು. 1963ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿ ಮತ್ತು ಅವರ ಗಂಡ ರಾನ್ ಒಂದು ವಾರಾಂತ್ಯದ ಮೇಳ ಮಾಡಿದರು. ಕೆಪಿಎಫ್‌ಕೆ ಅನ್ನುವ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸುವುದು ಉದ್ದೇಶ. ಹಳೇ ಕಾಲದ ಇಂಗ್ಲೆಂಡಿನ ವೇಷ, ಹಾಡು, ಕತ್ತಿ ಕಾಳಗ, ಕಮ್ಮಾರ, ಕುಂಬಾರ ಎಲ್ಲ ಒಂದೇ ಮೈದಾನದಲ್ಲಿ. ಅಲ್ಲಿ ಶುರುವಾಗಿದ್ದು ಈಗ ದೇಶದ ತುಂಬಾ ಇದೆ. ಅರಿಜೋನಾದಲ್ಲಿ ಫೆಬ್ರವರಿ, ಮಾರ್ಚ್. ಡಾಲಸ್ ಹತ್ತಿರದ ವಾಕ್ಸಹ್ಯಾಚಿಯಲ್ಲಿ ಏಪ್ರಿಲ್, ಮೇ. ವಿಸ್ಕಾನ್ಸಿನ್‌ನ ಬ್ರಿಸ್ಟಲ್ ಮೇಳ ಜುಲೈ, ಆಗಸ್ಟ್. ಹ್ಯೂಸ್ಟನ್ ಹತ್ತಿರ ಟಾಡ್ ಮಿಷನ್‌ನಲ್ಲಿ 1974ರಿಂದ ನಡೆಯುತ್ತಿರುವ ದೊಡ್ಡ ಮೇಳ ಅಕ್ಟೋಬರ್, ನವೆಂಬರ್‌ನಲ್ಲಿ. ಟ್ರೈಲರ್ ಕಟ್ಟಿಕೊಂಡು ವರ್ಷವಿಡೀ ಒಂದರಿಂದ ಇನ್ನೊಂದಕ್ಕೆ ಹೋಗುವ ಸಂಸಾರಗಳೇ ಇವೆ.

ನಮ್ಮದು ಅರಗಿನ ಕೆಲಸ. ತವರು ಚನ್ನಪಟ್ಟಣದ ಹತ್ತಿರ. ಅಲ್ಲಿ ಹಾಲೆ ಮರದಲ್ಲಿ ಮಾಡುವುದನ್ನು ಇಲ್ಲಿ ನಾನು ಗ್ಯಾರೇಜಿನಲ್ಲಿ ಲೇತ್ ಇಟ್ಟುಕೊಂಡು ಮೇಪಲ್ ಮರದಲ್ಲಿ ಮಾಡುತ್ತೇನೆ. ಜಡೆಗೆ, ತುರುಬಿಗೆ ಸಿಕ್ಕಿಸುವ ಕಡ್ಡಿ, ನೂಲು ತೆಗೆಯುವ ಕದಿರು, ಬುಗುರಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಶಾಖಕ್ಕೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಇದನ್ನು ಬೂತ್ ಮುಂದೆ ಮಾಡಿ ತೋರಿಸಿದರೆ ಜನ ನಿಂತು ನೋಡುತ್ತಾರೆ, ನೋಡಿದವರು ಕೊಳ್ಳುತ್ತಾರೆ. ಆದ್ದರಿಂದ ವ್ಯಾಪಾರ ಆಗುವುದಿಲ್ಲ ಅಂತ ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ವ್ಯಾಪಾರ ಆಗುತ್ತದೆ. ನಮಗೆ ಹೊಡೆತ ಬಿದ್ದಿದ್ದು ಬೇರೆ ಕಡೆಯಿಂದ.

ವಸಂತದಲ್ಲಿ ಮೊದಲು ಒಂದು ಸಣ್ಣ ಮೇಳದಲ್ಲಿ ಟೆಂಟ್ ಹಾಕಿದೆವು. ಹತ್ತಡಿಗೆ ಹತ್ತಡಿ ಜಾಗ. ಕ್ಯಾನ್ವಾಸ್ ಬೆಂಕಿ ಹತ್ತದ ಬಗೆಯದು ಅನ್ನುವ ಸರ್ಟಿಫಿಕೇಟ್ ಬೇಕು. ಕಬ್ಬಿಣದ ಕಾಲು, ಪ್ಲಾಸ್ಟಿಕ್ ಡಬ್ಬ ಯಾರ ಕಣ್ಣಿಗೂ ಬೀಳಬಾರದು. ನಾವೂ ಗಾರ್ಬ್ ಹಾಕಬೇಕು, ಅಂದರೆ ಆ ಕಾಲದ ಉಡುಪು. ಬಿಸಿಲು ಜಾಸ್ತಿ ಆದಾಗ ಮುಚ್ಚಿದ ಟ್ರೈಲರ್‌ನಲ್ಲಿ ಅರಗಿನ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡವು. ಪ್ರತಿ ಕಡ್ಡಿಯನ್ನೂ ಬಟ್ಟೆಯಲ್ಲಿ ಸುತ್ತಿ ಇಡುವುದು ಆಮೇಲೆ ರೂಢಿ ಆಯಿತು. ಕಷ್ಟ ಇತ್ತು, ಆದರೆ ಲೆಕ್ಕ ಸರಿಯಾಗಿತ್ತು. ಜಾಗದ ದುಡ್ಡು, ಪೆಟ್ರೋಲು, ಇನ್ಶೂರೆನ್ಸ್ ಎಲ್ಲ ಕಳೆದು ಕೈಯಲ್ಲಿ ನಾಲ್ಕು ಕಾಸು ಉಳಿಯಿತು.

ಆ ಬೇಸಿಗೆಯಲ್ಲಿ ಜಾಹೀರಾತು ಕಣ್ಣಿಗೆ ಬಿತ್ತು. ದೊಡ್ಡ ಮೇಳ. ಮರದ ಬೂತ್, ಮೇಲೆ ಮಲಗಲು ಅಟ್ಟ, ಹಿಂದೆ ಸಾಮಾನಿಡಲು ಕೋಣೆ. ಮಾರುವವರು ವಯಸ್ಸಾದ ಚರ್ಮದ ಕೆಲಸದವರು. ಮೊಣಕಾಲು ಕೈಕೊಟ್ಟಿದೆ, ಇನ್ನು ಆಗುವುದಿಲ್ಲ ಅಂದರು. ಮೇಳದ ಆಫೀಸಿಗೆ ಫೋನ್ ಮಾಡಿದೆವು. ಮಾರಾಟಗಾರರನ್ನು ನೋಡಿಕೊಳ್ಳುವ ಹೆಂಗಸು ತುಂಬಾ ಪ್ರೀತಿಯಿಂದ ಮಾತಾಡಿದರು. "ಆ ಬೂತಾ? ಗೊತ್ತು. ನೀವು ಅವರ ಹತ್ತಿರ ಮುಗಿಸಿಕೊಳ್ಳಿ, ಅರ್ಜಿ ಕಳಿಸಿ, ತೊಂದರೆ ಇಲ್ಲ" ಅಂದರು. ಮುಗಿಸಿಕೊಂಡೆವು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಜಾತ್ರೆಗಳಲ್ಲಿ ನೆಲವಳಿ ಕೊಟ್ಟು ತಡಿಕೆ ಕಟ್ಟಿ ಅಂಗಡಿ ಹಾಕುತ್ತೇವೆ, ಜಾತ್ರೆ ಮುಗಿದ ಮೇಲೆ ಕಿತ್ತುಕೊಂಡು ಬರುತ್ತೇವೆ. ಇಲ್ಲಿ ಖಾಯಂ ಜಾಗ ಇರುವ ಬಹಳಷ್ಟು ಮೇಳಗಳಲ್ಲಿ ನೆಲ ಮೇಳದವರದು, ಅದರ ಮೇಲಿನ ಕಟ್ಟಡ ಮಾತ್ರ ಅಂಗಡಿಯವರದು. ಕಟ್ಟಡವನ್ನು ಒಬ್ಬರು ಇನ್ನೊಬ್ಬರಿಗೆ ಮಾರುತ್ತಾರೆ. ಆದರೆ ಅಲ್ಲಿ ಕೂತು ವ್ಯಾಪಾರ ಮಾಡುವ ಹಕ್ಕು ಆ ದುಡ್ಡಿನಲ್ಲಿ ಬರುವುದಿಲ್ಲ. ಅದಕ್ಕೆ ಪ್ರತಿ ವರ್ಷ ಮೇಳದವರ ಜೊತೆ ಹೊಸ ಕರಾರು ಆಗಬೇಕು. ಕರಾರು ಒಂದು ಸೀಸನ್‌ಗೆ ಮಾತ್ರ. ಮುಂದಿನ ವರ್ಷ ಕೊಡಲೇಬೇಕು ಅಂತ ಏನೂ ಇಲ್ಲ, ಯಾಕೆ ಕೊಡಲಿಲ್ಲ ಅಂತ ಹೇಳಬೇಕಾಗೂ ಇಲ್ಲ. ಅಂಗಡಿ, ಮನೆ ಬಾಡಿಗೆಗೆ ಹಿಡಿದವರಿಗೆ ಕಾನೂನಿನಲ್ಲಿ ಸಿಗುವ ರಕ್ಷಣೆ ಇಂಥ ಕರಾರಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ದುಡ್ಡು ಕೊಟ್ಟ ಮೇಲೆ ಒಂದೊಂದೇ ಕಾಗದ ಬರತೊಡಗಿತು. ಮೊದಲು ಹೆಸರು ಬದಲಾಯಿಸುವ ಶುಲ್ಕ. ಆಮೇಲೆ ಜ್ಯೂರಿ, ಅಂದರೆ ಯಾವ ವಸ್ತು ಮಾರಬಹುದು ಅಂತ ಮೇಳದವರು ನೋಡಿ ಆರಿಸುವುದು. ನಾವು ಮಾಡುವ ಪ್ರತಿ ವಸ್ತುವಿನ ಫೋಟೊ, ಮಾಡುವಾಗಿನ ಫೋಟೊ, ಎಲ್ಲ ಕಳಿಸಬೇಕು. ಕಡ್ಡಿ ಮತ್ತು ಕದಿರು ಪಾಸಾದವು, ಬುಗುರಿ ಆಗಲಿಲ್ಲ. ಮರದ ಆಟಿಕೆ ಮಾರುವವರು ಆಗಲೇ ಒಬ್ಬರಿದ್ದಾರೆ, ಇನ್ನೊಬ್ಬರಿಗೆ ಜಾಗ ಇಲ್ಲ ಅಂದರು. ಒಂದೊಂದು ಬಗೆಗೆ ಇಷ್ಟೇ ಜನ ಅನ್ನುವ ಲೆಕ್ಕ ಬಹಳ ಕಡೆ ಇರುತ್ತದೆ. ಅದು ನ್ಯಾಯವೇ, ಆದರೆ ಮೊದಲೇ ತಿಳಿಯಬೇಕಿತ್ತು.

ಆಮೇಲೆ ತಪಾಸಣೆಯ ಪಟ್ಟಿ. ಎರಡು ಹಾಳೆ, ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ್ದು. ಹಿಂದಿನ ಎಡಗಡೆ ಕಂಬ ಕೊಳೆತಿದೆ, ಚಾವಣಿಯ ಹಲಗೆ ಬದಲಾಯಿಸಬೇಕು, ವೈರಿಂಗ್ ತೆಗೆದು ಹೊಸದು ಹಾಕಬೇಕು, ಮೆಟ್ಟಿಲಿಗೆ ಹಿಡಿಕೆ ಬೇಕು. ಕೆಲಸ ಅವರು ಒಪ್ಪಿದ ಬಡಗಿಯಿಂದಲೇ ಮಾಡಿಸಬೇಕು. ಆ ಹಾಳೆಯ ಮೇಲಿದ್ದ ತಾರೀಖು ಹಿಂದಿನ ವರ್ಷದ್ದು. ಅಂದರೆ ನಮಗೆ ಮಾರಿದವರಿಗೆ ಅದು ಒಂದು ವರ್ಷದ ಮುಂಚೆಯೇ ಕೈಗೆ ಬಂದಿತ್ತು. ಫೋನಿನಲ್ಲಿ ಪ್ರೀತಿಯಿಂದ ಮಾತಾಡಿದವರ ಫೈಲಿನಲ್ಲೂ ಇತ್ತು. ನಮಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಕಂಬದ ಬುಡಕ್ಕೆ ಹೊಸ ಹಲಗೆ ಹೊಡೆದು ಮೇಲೆ ಬಣ್ಣ ಬಳಿದಿದ್ದರು. ಬಡಗಿ ಉಳಿ ಹಾಕಿದ ತಕ್ಷಣ ಒಳಗಿನ ಮರ ಪುಡಿ ಪುಡಿಯಾಗಿ ಉದುರಿತು.

ಸೀಸನ್ ನಡೆಯಿತು. ಮಳೆ ಬಂದ ವಾರಗಳಲ್ಲಿ ಪಾರ್ಕಿಂಗ್ ಗದ್ದೆಯಾಗಿ ಜನರೇ ಬರಲಿಲ್ಲ. ಮಳೆ ಬರಲಿ ಬಿಸಿಲಿರಲಿ ಮೇಳ ನಡೆಯುತ್ತದೆ, ಕಟ್ಟಿದ ದುಡ್ಡು ವಾಪಸ್ ಇಲ್ಲ. ಇದು ಎಲ್ಲ ಕಡೆ ಇರುವ ನಿಯಮ, ದೂರುವುದಿಲ್ಲ. ಒಳ್ಳೆಯ ವಾರಗಳಲ್ಲಿ ಒಳ್ಳೆಯ ವ್ಯಾಪಾರ ಆಯಿತು. ಹೇಗೂ ಬೂತ್ ನಮ್ಮದು, ಹಾಕಿದ ದುಡ್ಡು ಮೂರ್ನಾಲ್ಕು ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದೆವು.

ಕೊನೆಯ ವಾರ ಮುಗಿದು ಸ್ವಲ್ಪ ದಿನಕ್ಕೆ ಪತ್ರ ಬಂತು. ನಮ್ಮ ಸಾಲು ಪೂರ್ತಿ ತೆಗೆದು ಅಲ್ಲಿ ಹೊಸ ಊಟದ ಅಂಗಳ ಮಾಡುತ್ತಾರಂತೆ. ಮುಂದಿನ ವರ್ಷಕ್ಕೆ ಕರಾರು ಇಲ್ಲ. 30 ದಿನದೊಳಗೆ ಕಟ್ಟಡ ತೆಗೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಅದು ಮೇಳದ ಸ್ವತ್ತು, ಕೆಡವುವ ಖರ್ಚನ್ನೂ ನಮ್ಮಿಂದಲೇ ವಸೂಲಿ ಮಾಡುತ್ತಾರೆ. ಪಕ್ಕದ ಬೂತಿನ ಮೇಣದಬತ್ತಿಯವರು ಆಗ ಬಾಯಿ ಬಿಟ್ಟರು. ಆ ಸಾಲು ಹೋಗುತ್ತದೆ ಅನ್ನುವ ಮಾತು ಎರಡು ವರ್ಷದಿಂದ ಓಡಾಡುತ್ತಿತ್ತಂತೆ. ಚರ್ಮದವರು ಮಾರಿದ್ದು ಅದಕ್ಕೇ. ಅವರು ನಮ್ಮ ಫೋನ್ ತೆಗೆಯಲಿಲ್ಲ. ವಕೀಲರಿಗೆ ಕರಾರು ತೋರಿಸಿದೆವು. ಓದಿ, ಮೇಳದವರ ಮೇಲೆ ಏನೂ ಮಾಡಲಾಗದು, ಮಾರಿದವರ ಮೇಲೆ ಕೇಸು ಹಾಕಬಹುದು, ಆದರೆ ಅವರು ಬೇರೆ ರಾಜ್ಯದಲ್ಲಿದ್ದಾರೆ, ಕೈಗೆ ಬರುವುದಕ್ಕಿಂತ ಖರ್ಚೇ ಹೆಚ್ಚಾದೀತು ಅಂದರು.

ಏಳು ಸಾವಿರ ಹಾಕಿ ರಿಪೇರಿ ಮಾಡಿಸಿದ ಬೂತಿನ ಚಾವಣಿಯನ್ನು ನನ್ನ ಗಂಡ ಮತ್ತು ಆ ಮೇಣದಬತ್ತಿಯವರ ಮಗ ಸೇರಿ ಹಲಗೆ ಹಲಗೆಯಾಗಿ ಬಿಚ್ಚಿದರು. ಹೊಸ ಕಂಬಕ್ಕೆ ಹಾಕಿದ್ದ ಬೋಲ್ಟು ಇನ್ನೂ ಹೊಳೆಯುತ್ತಿತ್ತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಇದು ನಮ್ಮ ಹಣೆಬರಹ, ಬೇರೆಯವರಿಗೆ ಆಗದು ಅಂತ ದಯವಿಟ್ಟು ತಿಳಿಯಬೇಡಿ. ಎಲ್ಲಕ್ಕಿಂತ ಹಳೆಯ ಮೇಳವೇ ಜಾಗ ಬದಲಾಯಿಸಿದೆ. ಕ್ಯಾಲಿಫೋರ್ನಿಯಾದ ಆ ಮೊದಲ ಮೇಳ ಆಗೋರಾದಲ್ಲಿ ವರ್ಷಗಟ್ಟಲೆ ನಡೆದು 1989ರಲ್ಲಿ ಅಲ್ಲಿಂದ ಎದ್ದಿತು. ಆಮೇಲೆ ಸ್ಯಾನ್ ಬರ್ನಾಡಿನೊ ಕಡೆಗೆ ಹೋಯಿತು. 2005ರಿಂದ ಅರ್ವಿಂಡೇಲ್‌ನಲ್ಲಿದೆ. ಉತ್ತರ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪಾಯಿಂಟ್‌ನ ಮೇಳವೂ 1990ರ ದಶಕದ ಕೊನೆಯಲ್ಲಿ ಜಾಗ ಕಳೆದುಕೊಂಡಿತು. ನೆಲ ಬೇರೆಯವರದಾದರೆ ಕಟ್ಟಡ ಎಷ್ಟು ಗಟ್ಟಿ ಇದ್ದರೂ ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮಾರುವವರಿಗೆ ದುಡ್ಡು ಕೊಡುವ ಮುಂಚೆ ಮೇಳದ ಆಫೀಸಿನಿಂದ ಇಮೇಲ್ ತರಿಸಿಕೊಳ್ಳಿ. ಫೋನಿನ ಮಾತು ಬೇಡ. ಈ ಬೂತನ್ನು ನನ್ನ ಹೆಸರಿಗೆ ಬದಲಾಯಿಸುತ್ತೀರಾ, ಈ ಸಾಲಿನ ಬಗ್ಗೆ ಮುಂದೆ ಏನಾದರೂ ಯೋಜನೆ ಇದೆಯಾ, ಬಾಕಿ ಉಳಿದ ರಿಪೇರಿ ಪಟ್ಟಿ ಇದೆಯಾ, ನನ್ನ ಯಾವ ಯಾವ ವಸ್ತು ಪಾಸಾಗುತ್ತದೆ, ಈ ನಾಲ್ಕನ್ನೂ ಬರೆದು ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ದುಡ್ಡನ್ನು ವಕೀಲರ ಖಾತೆಯಲ್ಲೋ ಎಸ್ಕ್ರೋ ಖಾತೆಯಲ್ಲೋ (ವ್ಯವಹಾರ ಮುಗಿಯುವ ತನಕ ಮೂರನೆಯವರು ದುಡ್ಡು ಹಿಡಿದಿಟ್ಟುಕೊಳ್ಳುವ ಖಾತೆ) ಇಟ್ಟು, ನಿಮ್ಮ ಹೆಸರಿನ ಕರಾರಿಗೆ ಸಹಿ ಬಿದ್ದ ಮೇಲೆ ಮಾತ್ರ ಬಿಡುಗಡೆ ಆಗುವಂತೆ ಮಾಡಿ. ಒಪ್ಪದ ಮಾರಾಟಗಾರರಿಂದ ದೂರ ಇರಿ. ಸೀಸನ್ ನಡೆಯುವಾಗ ಒಂದು ದಿನ ಟಿಕೆಟ್ ತೆಗೆದುಕೊಂಡು ಹೋಗಿ, ಸಂಜೆ ಜನ ಕಡಿಮೆ ಆದ ಮೇಲೆ ಅಕ್ಕಪಕ್ಕದ ಅಂಗಡಿಯವರನ್ನು ಮಾತಾಡಿಸಿ. ಆಫೀಸು ಹೇಳದ್ದನ್ನು ಅವರು ಹೇಳುತ್ತಾರೆ. ಮೊದಲ ವರ್ಷ ಟೆಂಟ್ ಜಾಗವನ್ನೋ ಬಾಡಿಗೆ ಬೂತನ್ನೋ ಕೊಟ್ಟರೆ ಅದನ್ನೇ ತೆಗೆದುಕೊಳ್ಳಿ.

ನಮ್ಮವರಿಗೆ ಅಂತಲೇ ಹೇಳಬೇಕಾದದ್ದು ಇನ್ನೊಂದಿದೆ. ಇದು ನನಗೆ ದುಡ್ಡಿಗಿಂತ ದೊಡ್ಡ ಚಿಂತೆ. ನಮ್ಮ ಮನೆಯವರಿಗೆಲ್ಲ ಗ್ರೀನ್ ಕಾರ್ಡ್ ಇದೆ. ಎಚ್-4 ವೀಸಾದಲ್ಲಿದ್ದು (ಎಚ್-1ಬಿ ಕೆಲಸದ ವೀಸಾ ಇರುವವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ) ಕೆಲಸದ ಪರವಾನಗಿ, ಅಂದರೆ ಇಎಡಿ, ಇಲ್ಲದವರು ಇಲ್ಲಿ ಅಂಗಡಿ ಹಾಕುವಂತಿಲ್ಲ. ಎಚ್-1ಬಿ ಇರುವವರೂ ತಮ್ಮ ಕಂಪನಿಯ ಕೆಲಸದ ಜೊತೆಗೆ ಸ್ವಂತ ವ್ಯಾಪಾರ ಮಾಡುವಂತಿಲ್ಲ. ನನ್ನ ಬೂತಿಗೆ ಒಬ್ಬ ತಂಗಿ ಬಂದು, "ಅಕ್ಕ, ದುಡ್ಡು ಬೇಡ, ಸುಮ್ನೆ ಕೂತು ಬಿಲ್ ಹಾಕ್ತೀನಿ" ಅಂದಳು. ಬೇಡ ಕಣಮ್ಮ ಅಂದೆ. ಸಂಬಳ ಇಲ್ಲದಿದ್ದರೂ ವ್ಯಾಪಾರದಲ್ಲಿ ದುಡಿದರೆ ಅದನ್ನು ಕೆಲಸ ಅಂತಲೇ ಎಣಿಸಬಹುದು. ಎರಡು ದಿನದ ಸಹಾಯಕ್ಕೆ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು ತಂದುಕೊಳ್ಳಬೇಡಿ. ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಊರಿಂದ ಸೂಟ್‌ಕೇಸಿನಲ್ಲಿ ಚನ್ನಪಟ್ಟಣದ ಬೊಂಬೆ ತಂದು ಮಾರುವ ಯೋಚನೆಯೂ ಹಲವರಿಗಿದೆ. ತಾವೇ ಮಾಡಿದ್ದನ್ನು ಮಾತ್ರ ಮಾರಬೇಕು ಅನ್ನುವ ಮೇಳಗಳಲ್ಲಿ ಅದು ನಡೆಯುವುದಿಲ್ಲ. ಜೊತೆಗೆ 12 ವರ್ಷದವರೆಗಿನ ಮಕ್ಕಳ ಆಟಿಕೆಗೆ 2008ರ ಕಾನೂನಿನ ಪ್ರಕಾರ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಇದೆ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು. ಅರಗಿನ ಬಣ್ಣ ಒಳ್ಳೆಯದು ಅಂತ ನಮಗೆ ನಂಬಿಕೆ ಇದ್ದರೆ ಸಾಲದು, ಕಾಗದ ಬೇಕು.

ತೆರಿಗೆ ಬಗ್ಗೆ ಎರಡೇ ಮಾತು. ಟೆಕ್ಸಸ್‌ನಲ್ಲಿ ಮಾರುವುದಾದರೆ ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ಬೇಕು. ಅದಕ್ಕೆ ಶುಲ್ಕ ಇಲ್ಲ, ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ರಾಜ್ಯದ 6.25 ಶೇಕಡಾಕ್ಕೆ ಸ್ಥಳೀಯ ತೆರಿಗೆ ಸೇರಿ 8.25ರವರೆಗೆ ಹೋಗುತ್ತದೆ. ಲಾಭದ ಮೇಲೆ ಆದಾಯ ತೆರಿಗೆ ಅಲ್ಲದೆ 15.3 ಶೇಕಡಾ ಸ್ವಂತ ದುಡಿಮೆಯ ತೆರಿಗೆಯೂ ಇದೆ. ಬಂದ ದುಡ್ಡೆಲ್ಲ ನಮ್ಮದು ಅಂತ ಖರ್ಚು ಮಾಡಿದರೆ ಏಪ್ರಿಲ್‌ನಲ್ಲಿ ತೆರಿಗೆ ಕಟ್ಟುವಾಗ ಕಷ್ಟ.

ಮೇಳಗಳ ಮೇಲೆ ನನಗೆ ಸಿಟ್ಟಿಲ್ಲ. ಈ ವಸಂತದಲ್ಲಿ ಮತ್ತೆ ಅದೇ ಸಣ್ಣ ಮೇಳದಲ್ಲಿ ಟೆಂಟ್ ಹಾಕುತ್ತಿದ್ದೇವೆ. ಸಿಟ್ಟಿರುವುದು ಗೊತ್ತಿದ್ದೂ ಹೇಳದೆ ಮಾರಿದವರ ಮೇಲೆ, ಗೊತ್ತಿದ್ದೂ ಸುಮ್ಮನೆ ಅರ್ಜಿ ತೆಗೆದುಕೊಂಡವರ ಮೇಲೆ.

ಕಳೆದ ವಾರ ಮಾರಾಟಗಾರರ ಗುಂಪಿನಲ್ಲಿ ಅದೇ ಮೇಳದ ಇನ್ನೊಂದು ಬೂತ್ ಮಾರಾಟಕ್ಕೆ ಬಂದಿದೆ. ಬೆಲೆ 15 ಸಾವಿರ. ಫೋಟೊದಲ್ಲಿ ಹೊಸ ಬಣ್ಣ ಬಳಿದಿದ್ದಾರೆ. ಅದು ನಮ್ಮ ಸಾಲಿಗೆ ಅಂಟಿಕೊಂಡೇ ಇರುವ ಸಾಲು. ನಿಮಗೂ ಅಂಥ ಜಾಹೀರಾತು ಬಂದು, ಯಾವ ಮೇಳ ಅಂತ ಅನುಮಾನ ಇದ್ದರೆ ನನಗೆ ಖಾಸಗಿಯಾಗಿ ಬರೆಯಿರಿ. ಕರಾರಿನ ಪ್ರತಿ ಕಳಿಸಿದರೆ ಕೂತು ಜೊತೆಗೆ ಓದೋಣ.