ಸೂಜಿ ಚುಚ್ಚಿದರೆ ಬಾಯಿ ಮುಚ್ಚಿಕೊಂಡಿರಬೇಡಿ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದೆ. ಹೆಸರು ಹಾಕುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರು ದಯವಿಟ್ಟು ಇದನ್ನು ಓದಿ.

ಅವತ್ತು ನೈಟ್ ಡ್ಯೂಟಿ. ಹದಿನೆಂಟು ಪೇಷೆಂಟ್‌ಗಳಿಗೆ ನಾವಿಬ್ಬರೇ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಒಬ್ಬರ ರಕ್ತ ತೆಗೆದು, ಸೂಜಿಯನ್ನು ಬಿಳಿ ಡಬ್ಬಕ್ಕೆ ಹಾಕಲು ಹೋದೆ. ಮುಕ್ಕಾಲು ತುಂಬಿದಾಗಲೇ ಬದಲಾಯಿಸಬೇಕಾದ ಡಬ್ಬ ಅದು, ಬಾಯಿವರೆಗೂ ತುಂಬಿತ್ತು. ಹಿಂದಿನ ದಿನವೇ ಹೇಳಿದ್ದೆವು. ಒಳಗಿದ್ದ ಯಾವುದೋ ಸೂಜಿ ಮೇಲಕ್ಕೆ ಚಾಚಿಕೊಂಡಿತ್ತು. ತೋರುಬೆರಳಿಗೆ ಚುಚ್ಚಿತು. ಗ್ಲೌಸ್ ಒಳಗೆ ಕೆಂಪು ಚುಕ್ಕೆ ನಿಧಾನವಾಗಿ ಹರಡುತ್ತಿತ್ತು. ಯಾರಿಗೆ ಬಳಸಿದ ಸೂಜಿಯೋ, ಗೊತ್ತಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದು, "ನೋಡ್ಕೊಂಡು ಮಾಡೋಕಾಗಲ್ವೇನಮ್ಮ? ಮುಂದಿನ ವಾರ ಆಡಿಟ್ ಇದೆ. ಫಾರಂ ಗೀರಂ ಬೇಡ, ಸ್ಪಿರಿಟ್ ಹಚ್ಕೋ." ಸ್ಪಿರಿಟ್ ಹಚ್ಚುವುದೇ ತಪ್ಪು. ಬೆರಳನ್ನು ಹಿಂಡಲೂಬಾರದು. ಸೋಪು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಬೇಕು, ಅಷ್ಟೇ. ಬೆಳಿಗ್ಗೆ ಎಚ್‌ಆರ್‌ನವರು, "ನಿಮ್ಮ ತಪ್ಪಿಗೆ ಟೆಸ್ಟ್ ದುಡ್ಡು ನಾವ್ಯಾಕೆ ಕೊಡಬೇಕು?" ಅಂದರು. ತುಂಬಿದ ಡಬ್ಬ ನನ್ನ ತಪ್ಪಾ?

ಇವರ ಬಾಗಿಲು ಕಾಯುವುದರಲ್ಲೇ ಹನ್ನೊಂದು ಗಂಟೆ ಕಳೆದುಹೋಯಿತು. ಎಚ್‌ಐವಿ ತಡೆಯುವ ಪೆಪ್ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಶುರು ಮಾಡುವುದಿಲ್ಲ. ಕೊನೆಗೆ ಹಿರಿಯ ಸಿಸ್ಟರ್ ಒಬ್ಬರು ಬಂದು, "ಇಲ್ಲಿ ಕೂತು ಅಳಬೇಡ, ಬೌರಿಂಗ್‌ಗೆ ಹೋಗು" ಅಂತ ಆಟೋ ಹತ್ತಿಸಿದರು. ಅವರ ಉಪಕಾರ ಮರೆಯೋದಿಲ್ಲ. ಬೌರಿಂಗ್ ಸರ್ಕಾರಿ ಆಸ್ಪತ್ರೆ, ಅಲ್ಲಿ ಮಾತ್ರೆ ಉಚಿತ. 28 ದಿನ ನುಂಗಿದೆ. ಆರು ತಿಂಗಳವರೆಗೆ ರಕ್ತಪರೀಕ್ಷೆ. ಎಲ್ಲ ನೆಗೆಟಿವ್ ಬಂತು, ಆದರೆ ಆ ಆರು ತಿಂಗಳು ಮನೆಯಲ್ಲಿ ಮಗಳಿಗೆ ಮುತ್ತು ಕೊಡಲೂ ಹೆದರುತ್ತಿದ್ದೆ. ಮುತ್ತಿನಿಂದ ಹರಡಲ್ಲ ಅಂತ ನರ್ಸ್ ಆದ ನನಗೆ ಗೊತ್ತು. ಆದರೂ ಹೆದರಿಕೆ.

ಜಾಸ್ತಿ ಭಯಪಡಬೇಕಾದದ್ದು ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕಿಗೆ. ಸೋಂಕಿತರ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವುದು ಸಾವಿರದಲ್ಲಿ ಸುಮಾರು ಮೂವರಿಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ನೂರರಲ್ಲಿ ಮೂವತ್ತರವರೆಗೂ ತಗಲಬಹುದು. ನಾನು ಮೂರು ಡೋಸ್‌ನಲ್ಲಿ ಒಂದನ್ನಷ್ಟೇ ಹಾಕಿಸಿಕೊಂಡಿದ್ದೆ. ಸೇರುವಾಗ ಯಾರೂ ಕೇಳಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸಿಬ್ಬಂದಿಗೆ ಈ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಸೂಜಿ ಚುಚ್ಚಿದ್ದನ್ನು ದಾಖಲಿಸುವುದೂ ಅವರದೇ ಹೊಣೆ. ಪೆಪ್ ಕೊಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ.

ಸೂಜಿ ಚುಚ್ಚಿದ್ದನ್ನು ದಾಖಲಿಸುವ ಫಾರಂ ಕೊಡದಿದ್ದರೆ ಸಮಯ, ವಾರ್ಡ್, ಹೇಗಾಯಿತು ಎಲ್ಲ ಬರೆದು ಇಮೇಲ್ ಮಾಡಿ. ನಾನು ಬಾಯಲ್ಲಿ ಹೇಳಿದ್ದನ್ನೆಲ್ಲ ಆಮೇಲೆ "ಹೇಳೇ ಇಲ್ಲ" ಅಂದರು. ಇಂಟರ್‌ವ್ಯೂನಲ್ಲೇ ಕೇಳಿಬಿಡಿ: ನಡುರಾತ್ರಿ ಸೂಜಿ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು, ಪೆಪ್ ಮಾತ್ರೆ ಎಲ್ಲಿ ಸಿಗುತ್ತೆ? ತಡವರಿಸಿದರೆ ಅಲ್ಲಿ ಸೇರಬೇಡಿ.