ಸಂಶೋಧನಾ ನೈತಿಕತೆಯ ತರಬೇತಿ: ಎರಡು ಮಾದರಿಗಳು

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಕಡ್ಡಾಯಗೊಳಿಸಿದ ಸಂಶೋಧನೆ ಮತ್ತು ಪ್ರಕಟಣಾ ನೈತಿಕತೆಯ ಕೋರ್ಸ್ 2 ಕ್ರೆಡಿಟ್‌ಗಳದ್ದು, 30 ಗಂಟೆಗಳದ್ದು. ಕೃತಿಚೌರ್ಯದಿಂದ ಹಿಡಿದು ದುಡ್ಡಿಗಾಗಿ ಏನನ್ನಾದರೂ ಅಚ್ಚುಹಾಕುವ ಜರ್ನಲ್‌ಗಳವರೆಗೆ ಎಲ್ಲವೂ ಅದರಲ್ಲಿ ಕ್ರಮವಾಗಿ ಬರುತ್ತದೆ. ವೈದ್ಯಕೀಯ ಸಂಶೋಧನೆಗೆ ಹಣ ನೀಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್‌ ತನ್ನ ತರಬೇತಿ ಅನುದಾನ ಪಡೆಯುವವರಿಂದ ಕೇಳುವುದು ಕನಿಷ್ಠ 8 ಗಂಟೆ ಮಾತ್ರ. ಆದರೆ ಅದರಲ್ಲಿ ಅಧ್ಯಾಪಕರೊಡನೆ ಚರ್ಚೆ ಗಣನೀಯವಾಗಿರಬೇಕು, ನಾಲ್ಕು ವರ್ಷಕ್ಕೊಮ್ಮೆಯಾದರೂ ತರಬೇತಿ ಮರುಕಳಿಸಬೇಕು.

ನಿಯಮಗಳ ಪರಿಚಯವೇ ಇಲ್ಲದ ಹೊಸಬರಿಗೆ ಮೊದಲನೆಯದೇ ಸೂಕ್ತ. ಆದರೆ ಪ್ರೋಟೀನ್ ಅಥವಾ ಡಿಎನ್‌ಎಯನ್ನು ಪಟ್ಟಿಗಳಾಗಿ ತೋರಿಸುವ ಜೆಲ್ ಚಿತ್ರದ ಮಸುಕು ಪಟ್ಟಿಯನ್ನು ಎಷ್ಟು ಗಾಢಗೊಳಿಸಿದರೆ ಅದು ವಂಚನೆಯಾಗುತ್ತದೆ ಎಂಬುದು, ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದವರಿಗೂ, ಮೂಲಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಗೈಡ್ ಎದುರು ಕುಳಿತಾಗಲೇ ಮನದಟ್ಟಾಗುವುದರಿಂದ, ಯುಜಿಸಿ ಕೋರ್ಸಿನ ಅರ್ಧದಷ್ಟಿರುವ ಪ್ರಾಯೋಗಿಕ ಗಂಟೆಗಳನ್ನು ವಿಭಾಗಗಳು ಎರಡನೆಯ ಮಾದರಿಯಲ್ಲಿ ನಡೆಸುವುದು ಲೇಸು. ಗೈಡ್‌ಗಳು ಬಿಡುವು ಮಾಡಿಕೊಂಡರೆ, ಅಷ್ಟೆ.