ವಿಯೆಟ್ನಾಂ ಸವಾರಿಗೆ ಯಾವ ಬಂಡಿ: ನಕಲು ವಿನ್, ಆಟೊಮ್ಯಾಟಿಕ್ ಸ್ಕೂಟರ್ ಅಥವಾ 50 ಸಿಸಿ?

ಹನೋಯಿಯಿಂದ ಹೋ ಚಿ ಮಿನ್ ನಗರದವರೆಗಿನ ಸುಮಾರು 1,700 ಕಿಲೋಮೀಟರ್ ದಾರಿಯನ್ನು ಬೈಕಿನಲ್ಲೇ ಮುಗಿಸಬೇಕೆಂಬ ಹುಚ್ಚು ಹತ್ತಿದವರಿಗೆ ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: 50 ಸಿಸಿಯೊಳಗಿನ, ಕ್ಲಚ್ಚಿಲ್ಲದೆ ಗೇರು ಬದಲಿಸುವ ಪುಟ್ಟ ಬೈಕನ್ನು ಬಾಡಿಗೆಗೆ ಪಡೆಯಿರಿ. ಹೋಂಡಾ ಕಂಪನಿಯ ಹಳೆಯ ವಿನ್ ಮಾದರಿಯ ನಕಲು ಬೈಕನ್ನೂ 125 ಸಿಸಿಯ ಆಟೊಮ್ಯಾಟಿಕ್ ಸ್ಕೂಟರನ್ನೂ ಅಲ್ಲಿನ ರಸ್ತೆಗಳಲ್ಲಿ ಹುಂಬತನದಿಂದ ಓಡಿಸಿ ನೋಡಿದ ಮೇಲಿನ ಮಾತಿದು.

ನಕಲು ವಿನ್‌ನ ಆಕರ್ಷಣೆಯೆಂದರೆ ಬೆಲೆ. ಹನೋಯಿಯಲ್ಲಿ ಇನ್ನೊಬ್ಬ ಪ್ರವಾಸಿಯಿಂದ 250 ಡಾಲರಿಗೆ ಕೊಂಡು ದಕ್ಷಿಣದಲ್ಲಿ ಮತ್ತೊಬ್ಬನಿಗೆ ದಾಟಿಸಿದರೆ ಪ್ರಯಾಣ ಹೆಚ್ಚುಕಡಿಮೆ ಪುಕ್ಕಟೆ ಎಂಬ ಲೆಕ್ಕಾಚಾರವನ್ನು ಅದರ ಚೈನು ಬುಡಮೇಲು ಮಾಡಿತು. ಹಿಂದೆ ಚೀಲ ಕಟ್ಟಿಕೊಂಡು ಒಂದು ಗುಂಡಿಗೆ ಇಳಿಸಿದರೆ ಸಾಕು, ಚೈನು ಕಳಚಿಕೊಳ್ಳುತ್ತಿತ್ತು. ಬಿಗಿ ಮಾಡಲು ಹೋದರೆ ಬೋಲ್ಟಿನ ತಿರುಪು ಗೆರೆ ಸವೆದು ಸ್ಪ್ಯಾನರ್ ಸುಮ್ಮನೆ ಸುತ್ತುತ್ತಿತ್ತು. ಮೆಕ್ಯಾನಿಕ್ ಒಬ್ಬರು ಕೊಂಡಿ ತೆಗೆದು ಚೈನನ್ನು ಗಿಡ್ಡ ಮಾಡಿಕೊಟ್ಟರೂ, ಹಿಂದಿನ ಚಕ್ರದ ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ಕಡೆಗೆ ವಾಲಿ ಚೂಪಾಗಿದ್ದುದರಿಂದ ಮರುದಿನವೇ ಯಥಾಸ್ಥಿತಿಗೆ ಬಂತು.

ಹೆಜ್ಜೆಗೊಂದು ರಿಪೇರಿ ಅಂಗಡಿಯಿರುವ 1ನೇ ಹೆದ್ದಾರಿಯಲ್ಲಾದರೆ ಇದು ಬರಿಯ ಕಿರಿಕಿರಿ. ಆದರೆ ಹೋ ಚಿ ಮಿನ್ ಹೆದ್ದಾರಿಯ ಪಶ್ಚಿಮ ಕವಲಿನಲ್ಲಿ, ಫೋಂಗ್ ನ್ಯಾದಿಂದ ಖೆ ಸಾನ್‌ವರೆಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಕಾಡೇ ಕಾಡು. ಪೆಟ್ರೋಲ್ ಸಿಗುವುದೇ ಅಪರೂಪ. ಸಂಜೆ ಕವಿಯುತ್ತಿರುವಾಗ ಅಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ, ಇನ್ನೊಂದರಲ್ಲಿ ಕಡ್ಡಿ ಹಿಡಿದು ಚೈನನ್ನು ಹಲ್ಲಿಗೆ ಕೂರಿಸುತ್ತಿದ್ದಾಗ, ಉಳಿಸಿದ ಡಾಲರುಗಳ ಬಗ್ಗೆ ನನಗೆ ಯಾವ ಅಭಿಮಾನವೂ ಉಳಿದಿರಲಿಲ್ಲ.

ಸ್ಕೂಟರ್ ಸುಖಕರ, ಸೀಟಿನಡಿ ಮಳೆಯಂಗಿಗೂ ಜಾಗವಿದೆ. ಅದರ ತೊಂದರೆ ಇಳಿಜಾರಿನದು. ಹ್ಯೂ ಮತ್ತು ದಾ ನಾಂಗ್ ನಡುವೆ 2005ರಲ್ಲಿ ತೆರೆದ ಸುರಂಗದಲ್ಲಿ ಬೈಕು ಓಡಿಸುವಂತಿಲ್ಲವಾದ್ದರಿಂದ ಸುಮಾರು 21 ಕಿಲೋಮೀಟರಿನ ಹಾಯ್ ವಾನ್ ಘಾಟಿಯೇ ನಮ್ಮ ಪಾಲಿಗೆ ಉಳಿಯುವ ದಾರಿ. ಅಲ್ಲಿ ಇಳಿಯುವಾಗ ಸ್ಕೂಟರಿನ ಎಂಜಿನ್ ವೇಗವನ್ನು ತಡೆಯುವುದು ಅಷ್ಟಕ್ಕಷ್ಟೇ, ಬ್ರೇಕನ್ನೇ ಹಿಡಿದುಕೊಂಡಿರಬೇಕು. ಪುಟ್ಟ ಬೈಕನ್ನು ಎರಡನೇ ಗೇರಿಗೆ ಹಾಕಿದರೆ ಅದೇ ಹದವಾಗಿ ಇಳಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದುದು ಲೈಸೆನ್ಸ್. ಭಾರತ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಹೀಗಾಗಿ ದೊಡ್ಡ ಬೈಕಿನಲ್ಲಿ ಬಿದ್ದರೆ ದಂಡದ ಜೊತೆಗೆ ವಿಮೆಯೂ ಕೈಕೊಡುವ ಸಂಭವವಿದೆ. 50 ಸಿಸಿಯೊಳಗಿನದಕ್ಕೆ ಅಲ್ಲಿ ಲೈಸೆನ್ಸೇ ಬೇಡ. ಆದರೂ ವಿಮೆಯ ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಈ ಪುಟ್ಟ ಬೈಕಿಗೆ ವೇಗದ ಮಿತಿ ಗಂಟೆಗೆ 40 ಕಿಲೋಮೀಟರ್. ಏರಿನಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ನಮ್ಮನ್ನು ಹಿಂದೆ ಹಾಕುತ್ತವೆ. ಒಂಟಿಯಾಗಿ, ಒಂದೇ ಚೀಲದೊಂದಿಗೆ, ಕತ್ತಲಾಗುವ ಮುನ್ನ ಕೋಣೆ ಹಿಡಿಯುವ ನನ್ನ ಅಭ್ಯಾಸಕ್ಕೆ ಅಷ್ಟು ವೇಗ ಸಾಕು, ಬಾಡಿಗೆಯೂ ಕೈಗೆಟಕುವಂಥದು. ಬೇಸರವಾದರೆ ಟ್ಯಾಂಕು ಖಾಲಿ ಮಾಡಿಸಿ ಬೈಕನ್ನು ರೈಲಿಗೆ ಹಾಕಬಹುದು. ಇಬ್ಬರಿದ್ದು ಉತ್ತರ ತುದಿಯ ಹಾ ಜಿಯಾಂಗಿನ ಮಾ ಪಿ ಲೆಂಗ್ ಘಾಟಿ ಹತ್ತುವ ಆಸೆಯಿದ್ದರೆ ಮಾತ್ರ ಈ ಮೂರರಲ್ಲಿ ಯಾವುದನ್ನೂ ಮುಟ್ಟದೆ, ಅಲ್ಲಿಯ ಸವಾರರನ್ನೇ ಗೊತ್ತುಮಾಡಿಕೊಂಡು ಅವರ ಬೆನ್ನ ಹಿಂದೆ ಕುಳಿತು ಹೋಗಿ.